ಪ್ರಾಗ್‌ನಲ್ಲಿ ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು?

ಪ್ರಶ್ನೆ: ಅಕ್ಟೋಬರ್ ಎರಡನೇ ವಾರದಲ್ಲಿ ನಾನು ಮತ್ತು ನನ್ನ ಪತ್ನಿ ನಾಲ್ಕು ದಿನಗಳ ಮಟ್ಟಿಗೆ ಪ್ರಾಗ್ ನಗರಕ್ಕೆ ಹೋಗುತ್ತಿದ್ದೇವೆ. ಹಂಪಿ, ಬಾದಾಮಿ, ಹಳೇಬೀಡುಗಳಲ್ಲಿ ಸಾಕಷ್ಟು ಚಿತ್ರ ತೆಗೆದಿದ್ದೇನೆ, ಆದರೆ ಯುರೋಪಿನ ನಗರ ನನಗೆ ಹೊಸದು. ಹುಡುಕಿದಲ್ಲೆಲ್ಲ ಅವೇ ಹತ್ತು ಜಾಗಗಳ ಹೆಸರು ಸಿಗುತ್ತದೆ, ಎಲ್ಲರ ಚಿತ್ರಗಳೂ ಒಂದೇ ರೀತಿ ಕಾಣುತ್ತವೆ. ಒಳ್ಳೆಯ ಜಾಗಗಳನ್ನು ನಾನೇ ಕಂಡುಕೊಳ್ಳುವುದು ಹೇಗೆ? ನನ್ನ ಬಳಿ ಮಿರರ್‌ಲೆಸ್ ಕ್ಯಾಮೆರಾ, 24–105 ಮಿ.ಮೀ. ಜೂಮ್ ಮತ್ತು 50 ಮಿ.ಮೀ. ಲೆನ್ಸ್ ಇವೆ. ಪತ್ನಿಗೆ ಮಂಡಿನೋವು ಇರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾಗದು. (ಮೈಸೂರಿನ ಓದುಗರೊಬ್ಬರು)

ಉತ್ತರ: ಪಟ್ಟಿಯನ್ನು ಕೇಳದೆ ಹುಡುಕುವ ಬಗೆಯನ್ನು ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಎಲ್ಲರೂ ಹೇಳುವ ಆ ಹತ್ತು ಜಾಗಗಳು ನಿಜವಾಗಿಯೂ ಒಳ್ಳೆಯವೇ. ಅಲ್ಲಿ ತೆಗೆದ ಚಿತ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದಕ್ಕೆ ಕಾರಣವೆಂದರೆ, ಬಹುತೇಕರು ಬೆಳಗಿನ ತಿಂಡಿ ಮುಗಿಸಿ ಹತ್ತು–ಹನ್ನೊಂದು ಗಂಟೆಗೆ ಹೊರಟು, ಎಲ್ಲರೂ ನಿಂತಲ್ಲೇ ನಿಂತು, ಎಲ್ಲರೂ ನೋಡುವ ಕಡೆಗೇ ಅಗಲವಾದ ಚೌಕಟ್ಟು ಹಿಡಿಯುತ್ತಾರೆ. ಛಾಯಾಗ್ರಾಹಕನ ಪಾಲಿಗೆ ಜಾಗವೆಂಬುದು ಮೂರು ಸಂಗತಿಗಳು ಕೂಡಿದಾಗ ಆಗುವಂಥದು: ನೋಡುವ ದಿಕ್ಕು, ನಿಂತಿರುವ ಎತ್ತರ, ಆ ಹೊತ್ತಿನ ಬೆಳಕು. ಈ ಮೂರರಲ್ಲಿ ಒಂದು ಬದಲಾದರೂ ಅದೇ ಕಟ್ಟೆಯ ಮೇಲೆ ನಿಂತವರಿಗೆ ಬೇರೆಯೇ ಚಿತ್ರ ದೊರೆಯುತ್ತದೆ. ಹಾಗಾಗಿ ನಾಲ್ಕು ದಿನಗಳಲ್ಲಿ ಇಪ್ಪತ್ತು ಜಾಗಗಳನ್ನು ಮುಟ್ಟಿ ಬರುವ ಬದಲು ನಾಲ್ಕೈದನ್ನು ಮಾತ್ರ ಆರಿಸಿಕೊಂಡು, ಒಂದೊಂದಕ್ಕೂ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಹೋಗಿ ಎಂಬುದು ನನ್ನ ಖಚಿತವಾದ ಸಲಹೆ.

ಹುಡುಕಾಟವನ್ನು ಮೈಸೂರಿನಲ್ಲೇ, ನಕ್ಷೆಯನ್ನು ಮುಂದಿಟ್ಟುಕೊಂಡು ಆರಂಭಿಸಬೇಕು. ಪ್ರಾಗ್‌ನ ನಡುವೆ ವ್ಲ್ತಾವಾ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿದು, ಲೆಟ್ನಾ ಎಂಬ ಎತ್ತರದ ದಿಬ್ಬದ ಬುಡದಲ್ಲಿ ಪೂರ್ವಕ್ಕೆ ತಿರುಗುತ್ತದೆ. ನದಿಯ ಪಶ್ಚಿಮಕ್ಕೆ ಗುಡ್ಡದ ಮೇಲೆ ಕೋಟೆ ಹಾಗೂ ಸೇಂಟ್ ವೀಟಸ್ ಮಹಾಚರ್ಚು, ಅದರ ಇಳಿಜಾರಿನಲ್ಲಿ ಮಾಲಾ ಸ್ತ್ರಾನಾ ಬಡಾವಣೆ, ದಕ್ಷಿಣಕ್ಕೆ ಪೆಟ್ರ್ಷಿನ್ ಗುಡ್ಡ. ನದಿಯ ಪೂರ್ವಕ್ಕೆ ಸಮತಟ್ಟಾದ ಹಳೆಯ ಪಟ್ಟಣ. ಇಷ್ಟನ್ನು ಒಂದು ಹಾಳೆಯ ಮೇಲೆ ನೀವೇ ಕೈಯಿಂದ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಪೂರ್ವದ ದಡದಿಂದ ಕೋಟೆಯನ್ನು ನೋಡುವವನಿಗೆ ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಕೋಟೆಯ ಮುಖದ ಮೇಲೆ ನೇರ ಬೆಳಕು ಬೀಳುತ್ತದೆ. ಸಂಜೆ ಅದೇ ಕೋಟೆ ಹಿಂಬೆಳಕಿನಲ್ಲಿ ಕಪ್ಪು ಆಕೃತಿಯಾಗುತ್ತದೆ. ಪಶ್ಚಿಮದ ಗುಡ್ಡಗಳಿಂದ ಊರನ್ನು ನೋಡುವವನಿಗೆ ಇದು ತಿರುವುಮುರುವು: ಬೆಳಿಗ್ಗೆ ಊರು ಮಬ್ಬಿನಲ್ಲಿ ಹಿಂಬೆಳಕಿನಲ್ಲಿರುತ್ತದೆ, ಸಂಜೆ ಗೋಪುರಗಳೂ ಕೆಂಪು ಹಂಚಿನ ಮಾಡುಗಳೂ ಬೆಳಗುತ್ತವೆ. ಲೆಟ್ನಾದಿಂದ ನೋಡುವುದು ದಕ್ಷಿಣಕ್ಕಾದ್ದರಿಂದ ಅಲ್ಲಿ ಬೆಳಿಗ್ಗೆ ಎಡದಿಂದ, ಸಂಜೆ ಬಲದಿಂದ ಬೆಳಕು ಬರುತ್ತದೆ. ಯಾವ ಜಾಗಕ್ಕೆ ಯಾವ ಹೊತ್ತಿಗೆ ಹೋಗಬೇಕೆಂಬುದು ಈ ಒಂದು ಹಾಳೆಯಿಂದಲೇ ಬಹುಪಾಲು ತೀರ್ಮಾನವಾಗುತ್ತದೆ.

ನಮ್ಮವರು ಯುರೋಪಿನಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಸೂರ್ಯನ ವಿಷಯದಲ್ಲಿ. ಮೈಸೂರು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿದೆ, ಪ್ರಾಗ್ ಇರುವುದು 50ರಲ್ಲಿ. ನೀವು ಹೋಗುವ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ಮೈಸೂರಿನಲ್ಲಿ ಸುಮಾರು 70 ಡಿಗ್ರಿ ಎತ್ತರದಲ್ಲಿದ್ದರೆ ಪ್ರಾಗ್‌ನಲ್ಲಿ 33 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಅಂದರೆ ಹಂಪಿಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೇ ಮುಗಿದುಹೋಗುವ ಓರೆ ಬೆಳಕು ಅಲ್ಲಿ ಬಿಸಿಲಿದ್ದಷ್ಟು ಹೊತ್ತೂ ಇರುತ್ತದೆ. ಮಧ್ಯಾಹ್ನವೆಂದು ಕ್ಯಾಮೆರಾವನ್ನು ಚೀಲದಲ್ಲಿಡಬೇಕಾಗಿಲ್ಲ. ಇದರ ಇನ್ನೊಂದು ಮುಖವೆಂದರೆ, ಎತ್ತರದ ಮನೆಗಳ ನಡುವಣ ಕಿರುಬೀದಿಗಳಿಗೆ ಆ ತಿಂಗಳಲ್ಲಿ ಬಿಸಿಲು ಇಳಿಯುವುದೇ ಕಡಿಮೆ. ಸೂರ್ಯೋದಯ ಏಳೂಕಾಲರ ಸುಮಾರಿಗೆ, ಸೂರ್ಯಾಸ್ತ ಆರೂವರೆಗೆ ಸ್ವಲ್ಪ ಮೊದಲು. ಅಸ್ತವಾದ ಮೇಲೆ ನಮ್ಮಲ್ಲಿ ಇಪ್ಪತ್ತು ನಿಮಿಷಗಳಲ್ಲಿ ಕತ್ತಲು ಕವಿದರೆ ಅಲ್ಲಿ ಮುಸ್ಸಂಜೆಯ ನೀಲಿ ಅರ್ಧ ಗಂಟೆಗೂ ಮೀರಿ ನಿಲ್ಲುತ್ತದೆ, ಆ ಅರ್ಧ ಗಂಟೆಯಲ್ಲಿ ದೀಪಗಳ ಬೆಳಕೂ ಆಕಾಶದ ಬೆಳಕೂ ಸರಿಸಮನಾಗಿ ಕೂಡುವ ಹತ್ತು–ಹದಿನೈದು ನಿಮಿಷಗಳು ನಿಮಗೆ ಬೇಕಾದವು.

ಸೂರ್ಯ ಹುಟ್ಟುವ ಮತ್ತು ಮುಳುಗುವ ದಿಕ್ಕೂ ಋತುವಿನಿಂದ ಋತುವಿಗೆ ಬಹಳ ಸರಿಯುತ್ತದೆ. ಮೈಸೂರಿನಲ್ಲಿ ಸೂರ್ಯೋದಯವು ನೇರ ಪೂರ್ವದಿಂದ ಎರಡೂ ಬದಿಗೆ ಸುಮಾರು 24 ಡಿಗ್ರಿ ಸರಿದರೆ, ಪ್ರಾಗ್‌ನಲ್ಲಿ ಸುಮಾರು 40 ಡಿಗ್ರಿ ಸರಿಯುತ್ತದೆ. ಆದ್ದರಿಂದ ಜೂನ್‌ನಲ್ಲಿ ಹೋದವರು ಕೊಟ್ಟ ಸಲಹೆ ಅಕ್ಟೋಬರ್‌ನಲ್ಲಿ ಹೋಗುವ ನಿಮಗೆ ಒದಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಚಾರ್ಲ್ಸ್ ಸೇತುವೆಯ ಹಳೆಯ ಪಟ್ಟಣದ ತುದಿಯಲ್ಲಿ ನಿಂತು ನೋಡಿದರೆ ಜೂನ್ ತಿಂಗಳ ಸೂರ್ಯ ಸೇಂಟ್ ವೀಟಸ್ ಚರ್ಚಿನ ಗೋಪುರಗಳ ಬಳಿಯೇ ಇಳಿಯುತ್ತಾನೆ, ಆ ಚಿತ್ರಗಳನ್ನು ನೀವು ಖಂಡಿತ ನೋಡಿರುತ್ತೀರಿ. ನಿಮ್ಮ ವಾರದಲ್ಲಿ ಅದೇ ಸ್ಥಳದಿಂದ ನೋಡಿದರೆ ಸೂರ್ಯ ಕೋಟೆಯಿಂದ ಬಹಳ ಎಡಕ್ಕೆ, ಪೆಟ್ರ್ಷಿನ್ ಗುಡ್ಡದ ಹಿಂದೆ ಮರೆಯಾಗುತ್ತಾನೆ. ಗುಡ್ಡ ಎತ್ತರವಾಗಿರುವುದರಿಂದ ಪಂಚಾಂಗದ ಸೂರ್ಯಾಸ್ತಕ್ಕಿಂತ ಸುಮಾರು ಅರ್ಧ ಗಂಟೆ ಮೊದಲೇ ನದಿಯ ಮೇಲಿನ ಬಿಸಿಲು ಹೋಗಿಬಿಡುತ್ತದೆ. ಆರೂಕಾಲಿಗೆ ಬಿಸಿಲು ಸಿಗುತ್ತದೆಂದು ನಂಬಿ ಬಂದವರಿಗೆ ಅಲ್ಲಿ ಬರೀ ನೆರಳು ಕಾಣುತ್ತದೆ.

ಈ ಲೆಕ್ಕವನ್ನೆಲ್ಲ ತಲೆಯಲ್ಲೇ ಮಾಡಬೇಕಾಗಿಲ್ಲ. ಸನ್‌ಕ್ಯಾಲ್ಕ್, ಫೋಟೋಪಿಲ್ಸ್, ಸನ್ ಸರ್ವೇಯರ್ ಮುಂತಾದ ಜಾಲತಾಣ, ಆ್ಯಪ್‌ಗಳು ನಕ್ಷೆಯ ಮೇಲೆ ನೀವು ಗುರುತಿಟ್ಟ ಬಿಂದುವಿನಿಂದ ಆ ದಿನದ ಸೂರ್ಯೋದಯ, ಸೂರ್ಯಾಸ್ತಗಳ ಗೆರೆ ಎಳೆದು ತೋರಿಸುತ್ತವೆ. ಅವು ಸಮತಟ್ಟಾದ ದಿಗಂತವನ್ನು ಲೆಕ್ಕಕ್ಕೆ ಹಿಡಿಯುವುದೇ ಹೆಚ್ಚು, ಗುಡ್ಡ, ಕಟ್ಟಡಗಳ ಅಡ್ಡಿಯನ್ನು ನೀವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅದಕ್ಕಾಗಿ ಎತ್ತರದ ಗೆರೆಗಳಿರುವ ನಕ್ಷೆ ಬೇಕು; ಜೆಕ್ ಜನರೇ ನಿತ್ಯ ಬಳಸುವ ಮಾಪಿ ಎಂಬ ನಕ್ಷೆಯಲ್ಲಿ ಕಾಲುದಾರಿಗಳು, ನೋಟದ ಕಟ್ಟೆಗಳು, ಗುಡ್ಡದ ಏರುಗಳು ಬಹಳ ಚೆನ್ನಾಗಿ ಗುರುತಾಗಿವೆ. ಒಂದು ಜಾಗದಲ್ಲಿ ಮುಂದೆ ಮರ ಬೆಳೆದು ನೋಟ ಮುಚ್ಚಿದೆಯೇ, ಕಟಕಟೆ ಎಷ್ಟು ಎತ್ತರವಿದೆ ಎಂಬುದನ್ನು ಗೂಗಲ್‌ನ ಬೀದಿ ನೋಟದಲ್ಲಿ ಮನೆಯಿಂದಲೇ ನೋಡಬಹುದು. ಬೇರೆಯವರ ಚಿತ್ರಗಳನ್ನು ನೋಡುವಾಗಲೂ ಚಿತ್ರ ಚೆನ್ನಾಗಿದೆಯೇ ಎಂದು ನೋಡುವುದಕ್ಕೆ ಮೊದಲು ನೆರಳು ಯಾವ ಕಡೆಗೆ ಬಿದ್ದಿದೆ, ಮರಗಳಲ್ಲಿ ಎಲೆಯಿದೆಯೇ, ದೀಪ ಹೊತ್ತಿದೆಯೇ ಎಂದು ನೋಡಿ. ಆ ಮೂರರಿಂದ ತಿಂಗಳೂ ಗಂಟೆಯೂ ತಿಳಿಯುತ್ತದೆ, ಆಗ ಆ ಚಿತ್ರ ನಿಮ್ಮ ವಾರದಲ್ಲಿ ಸಾಧ್ಯವೇ ಇಲ್ಲವೇ ಎಂದು ನಿರ್ಧರಿಸಬಹುದು.

ಇನ್ನು ಚಾರ್ಲ್ಸ್ ಸೇತುವೆಯ ವಿಷಯ. ಎಲ್ಲರೂ ಹೋಗುತ್ತಾರೆಂದು ಅದನ್ನು ಬಿಡಬೇಡಿ. ನಿಮ್ಮ ದಿನಾಂಕಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾಲ್ಕನೇ ಚಾರ್ಲ್ಸ್ ದೊರೆಯ ಕಾಲದಲ್ಲಿ 1357ರಲ್ಲಿ ಕಟ್ಟಲು ಆರಂಭಿಸಿದ, ಅರ್ಧ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಈ ಕಲ್ಲಿನ ಸೇತುವೆ ಪಶ್ಚಿಮದಿಂದ ಪೂರ್ವಕ್ಕೆ, ತುಸುವೇ ದಕ್ಷಿಣಕ್ಕೆ ವಾಲಿಕೊಂಡು ಹಾದುಹೋಗುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರಗಳಲ್ಲಿ, ಮತ್ತೆ ಅಕ್ಟೋಬರ್ ಮೊದಲ ಎರಡು ವಾರಗಳಲ್ಲಿ, ಸೂರ್ಯ ಸೇತುವೆಯ ನೇರಕ್ಕೆ, ಹಳೆಯ ಪಟ್ಟಣದ ಸೇತುವೆ ಗೋಪುರದ ಆಸುಪಾಸಿನಲ್ಲೇ ಮೇಲೇರುತ್ತಾನೆ. ನೀವು ಮಾಲಾ ಸ್ತ್ರಾನಾ ಕಡೆಯಿಂದ ಬಂದು, ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲು ಸೇತುವೆಯ ಪಶ್ಚಿಮ ಭಾಗದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿರಬೇಕು. ಆಗ ಇನ್ನೂ ದೀಪಗಳು ಉರಿಯುತ್ತಿರುತ್ತವೆ, ಎರಡೂ ಬದಿಯ ಪ್ರತಿಮೆಗಳು ಆಕಾಶಕ್ಕೆ ಎದುರಾಗಿ ಕಪ್ಪಗೆ ಕಾಣುತ್ತವೆ. ಬೇರೆ ಛಾಯಾಗ್ರಾಹಕರೂ ಬಂದಿರುತ್ತಾರೆ, ಅದರಿಂದ ಬೇಸರಪಡಬೇಕಾಗಿಲ್ಲ. 24 ಮಿ.ಮೀ.ನಲ್ಲಿ ಸೇತುವೆಯನ್ನೆಲ್ಲ ತುಂಬಿಕೊಳ್ಳುವ ಬದಲು 85ರಿಂದ 105ರವರೆಗೆ ಜೂಮ್ ಮಾಡಿ ನೋಡಿ. ಪ್ರತಿಮೆಗಳ ಸಾಲು ಒಂದರ ಹಿಂದೊಂದು ಒತ್ತಾಗಿ ಗೋಪುರದ ಬಳಿಗೆ ಬಂದು ನಿಲ್ಲುತ್ತದೆ, ಮುಂದಿನ ಜನರೂ ಚೌಕಟ್ಟಿನಿಂದ ಹೊರಗುಳಿಯುತ್ತಾರೆ. ಎಕ್ಸ್‌ಪೋಷರ್ ಅನ್ನು (ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕಿನ ಪ್ರಮಾಣವನ್ನು) ಆಕಾಶಕ್ಕೆ ಹೊಂದಿಸಿ, ಪ್ರತಿಮೆಗಳು ಕಪ್ಪಾಗಿಯೇ ಇರಲಿ.

ಸೂರ್ಯ ಮೇಲೆ ಬಂದ ಕೂಡಲೇ ಹೆಚ್ಚಿನವರು ಪೂರ್ವವನ್ನೇ ನೋಡುತ್ತಿರುತ್ತಾರೆ. ಆ ಕ್ಷಣಕ್ಕೆ ನೀವು ಹಿಂದಕ್ಕೆ ತಿರುಗಿ. ಕೋಟೆ ಎತ್ತರದಲ್ಲಿರುವುದರಿಂದ ಮೊದಲ ಬಿಸಿಲು ಅದರ ಗೋಡೆಗಳಿಗೆ ತಗಲುತ್ತದೆ, ಆಗ ನದಿ, ಮಾಲಾ ಸ್ತ್ರಾನಾದ ಮಾಡುಗಳು ಇನ್ನೂ ನೆರಳಿನ ನೀಲಿಯಲ್ಲಿರುತ್ತವೆ. ಈ ಬೆಳಕು ಕೆಲವೇ ನಿಮಿಷಗಳದ್ದು. ಹಿಂದಿನ ರಾತ್ರಿ ಮೋಡವಾಗಲಿ ಗಾಳಿಯಾಗಲಿ ಇಲ್ಲದಿದ್ದರೆ ನದಿಯ ಮೇಲೆ ಮಂಜು ಏಳುವ ಸಾಧ್ಯತೆ ಹೆಚ್ಚು, ಏಕೆಂದರೆ ಅಕ್ಟೋಬರ್‌ನಲ್ಲಿ ನೀರು ಬೆಚ್ಚಗೇ ಇದ್ದು ಮೇಲಿನ ಗಾಳಿ ಬೇಗ ತಣ್ಣಗಾಗುತ್ತದೆ. ಹವಾಮಾನ ನೋಡಿ ಅಂಥ ಒಂದು ಬೆಳಗನ್ನು ಈ ಸೇತುವೆಗೇ ಮೀಸಲಿಡಿ.

ಬೆಳಕು ಏರಿದ ಮೇಲೆ ಸೇತುವೆಯ ಮೇಲೇ ಉಳಿದು ಒಂದೊಂದು ಪ್ರತಿಮೆಯ ಹತ್ತಿರ ಹೋಗಿ. ಒಟ್ಟು 30 ಪ್ರತಿಮೆಗಳು ಅಥವಾ ಪ್ರತಿಮಾಗುಚ್ಛಗಳಿವೆ. ಹೆಚ್ಚಿನವು ಮರಳುಗಲ್ಲಿನವು, ಇಂದು ಅಲ್ಲಿರುವುದರಲ್ಲಿ ಬಹುಪಾಲು ಪ್ರತಿಕೃತಿಗಳು, ಮೂಲಗಳನ್ನು ಒಳಾಂಗಣಗಳಲ್ಲಿ ಕಾಪಾಡಿದ್ದಾರೆ. ಉತ್ತರದ ಕಟಕಟೆಯ ಮೇಲಿರುವ ನೆಪೊಮುಕ್‌ನ ಸಂತ ಜಾನ್‌ನ ಕಂಚಿನ ಪ್ರತಿಮೆ 1683ರದ್ದು, ತಲೆಯ ಸುತ್ತ ಐದು ನಕ್ಷತ್ರಗಳಿವೆ. ಅದರ ಪೀಠದಲ್ಲಿ ಉಬ್ಬುಚಿತ್ರದ ಫಲಕಗಳಿವೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಆ ಫಲಕಗಳಲ್ಲಿ ಒಂದಿಷ್ಟು ಭಾಗ ಬಂಗಾರದಂತೆ ಹೊಳೆಯುತ್ತದೆ, ಸುತ್ತಲಿನ ಕಂಚು ಕಪ್ಪು ಹಸಿರಾಗಿಯೇ ಉಳಿದಿದೆ. ಬೆಳಗಿನ ಓರೆ ಬಿಸಿಲು ಬದಿಯಿಂದ ಬಂದಾಗ ಬೆರಳು ತಾಗಿದ ತಗ್ಗುಗಳೂ, ತಾಗದೆ ಉಳಿದ ಅಂಚುಗಳೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ನಿಮ್ಮ 50 ಮಿ.ಮೀ. ಲೆನ್ಸ್ ಇಂಥದಕ್ಕೇ ಇರುವುದು. ಹಳೇಬೀಡಿನ ಭಿತ್ತಿಗಳ ಮುಂದೆ ಬೆಳಕಿಗಾಗಿ ಕಾದು ಪಳಗಿದ ನಿಮ್ಮ ಕಣ್ಣಿಗೆ ಈ ಕೆಲಸ ಹೊಸದೇನಲ್ಲ, ಮತ್ತು ಇಂಥ ಚಿತ್ರವನ್ನು ಸಾಮಾನ್ಯ ಪ್ರವಾಸಿಗರು ತೆಗೆಯುವುದು ತೀರಾ ಅಪರೂಪ.

ಸೇತುವೆಯ ಮೇಲೆ ನಿಂತರೆ ಸೇತುವೆಯೇ ಕಾಣುವುದಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ನೋಡುವ ಜಾಗಗಳೂ ಬೇಕು. ಪೂರ್ವದ ದಡದಲ್ಲಿ ನದಿಯೊಳಕ್ಕೆ ಚಾಚಿಕೊಂಡಿರುವ ನೊವೊತ್ನೆಹೊ ಲಾವ್ಕಾದಿಂದ ಸೇತುವೆಯ ಕಮಾನುಗಳು ಮತ್ತು ಅವುಗಳ ಮೇಲೆ ಕೋಟೆ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಇಲ್ಲಿಗೆ ಬೆಳಗಿನ ನೇರ ಬೆಳಕೂ ಸಂಜೆಯ ನೀಲಿಯೂ ಎರಡೂ ಚೆನ್ನ. ಪಶ್ಚಿಮದ ದಡದಲ್ಲಿ ಸೇತುವೆಯ ಉತ್ತರಕ್ಕೆ ಹಂಸಗಳು ಸೇರುವ ತಗ್ಗಿನ ದಂಡೆಯೊಂದಿದೆ, ಮಾಲೊಸ್ತ್ರಾನ್ಸ್ಕಾ ಮೆಟ್ರೋ ನಿಲ್ದಾಣದಿಂದ ಸ್ವಲ್ಪವೇ ದೂರ. ಅಲ್ಲಿ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ಹಿಡಿದರೆ ಸೇತುವೆಯೂ ಆಚೆ ದಡದ ಗೋಪುರವೂ ಬೇರೆಯೇ ಗಾಂಭೀರ್ಯದಿಂದ ಕಾಣುತ್ತವೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಸ್ತ್ರೆಲೆಟ್ಸ್ಕಿ ದ್ವೀಪ. ನ್ಯಾಷನಲ್ ಥಿಯೇಟರ್ ಎದುರಿನ ಲೆಗೀ ಸೇತುವೆಯ ನಡುವಿನಿಂದ ಅದಕ್ಕೆ ಇಳಿಯಬಹುದು, ಮಂಡಿನೋವಿರುವವರಿಗೆ ಲಿಫ್ಟ್ ಇದೆ. ದ್ವೀಪದ ಉತ್ತರದ ತುದಿಗೆ ನಡೆದರೆ ಎದುರಿಗೆ ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಒಡ್ಡು, ಅದರಾಚೆ ಚಾರ್ಲ್ಸ್ ಸೇತುವೆ, ಎಡಕ್ಕೆ ಕೋಟೆ. ಒಡ್ಡು ನೀರನ್ನು ತಡೆದು ಹಿಡಿಯುವುದರಿಂದ ಅದರ ಈಚೆಗಿನ ನೀರು ಬಹುತೇಕ ಅಲುಗಾಡದೆ ನಿಂತಿರುತ್ತದೆ, ಗಾಳಿಯಿಲ್ಲದ ಮುಂಜಾನೆ ಅಥವಾ ಸಂಜೆ ದೀಪಗಳ ಪ್ರತಿಬಿಂಬ ಮುರಿಯದೆ ಮೂಡುತ್ತದೆ. ನದಿಯ ಮೇಲೆ ಪ್ರತಿಬಿಂಬ ಬೇಕೆನಿಸಿದಾಗಲೆಲ್ಲ ಹೀಗೆ ಒಡ್ಡುಗಳು ಎಲ್ಲಿವೆ ಎಂದು ನಕ್ಷೆಯಲ್ಲಿ ಹುಡುಕಬೇಕು, ಅದರ ಮೇಲ್ಭಾಗದ ನೀರು ಶಾಂತವಾಗಿರುತ್ತದೆ. ಅಕ್ಟೋಬರ್‌ನಲ್ಲಿ ದ್ವೀಪದ ಮರಗಳು ಹಳದಿಯಾಗಿರುತ್ತವೆ, ಉದುರಿದ ಎಲೆಗಳನ್ನು ಮುನ್ನೆಲೆಗೆ ಬಳಸಿಕೊಳ್ಳಿ. ಟ್ರೈಪಾಡ್ ಇಟ್ಟು ಎಫ್8 (ಲೆನ್ಸ್ ತೆರೆದಿರುವ ಅಳತೆ), ಐಎಸ್‌ಒ (ಬೆಳಕಿಗೆ ಸಂವೇದನೆಯ ಅಳತೆ) 100ರಲ್ಲಿ ನಾಲ್ಕರಿಂದ ಹತ್ತು ಸೆಕೆಂಡುಗಳ ಎಕ್ಸ್‌ಪೋಷರ್‌ನಿಂದ ಆರಂಭಿಸಬಹುದು. ಒಂದು ಎಚ್ಚರಿಕೆ: ಲೆಗೀ, ಮಾನೆಸ್ ಸೇತುವೆಗಳ ಮೇಲೆ ಟ್ರಾಮ್ ಓಡುತ್ತದೆ, ಟ್ರಾಮ್ ಹಾದಾಗ ಸೇತುವೆಯೇ ಕಂಪಿಸಿ ದೀರ್ಘ ಎಕ್ಸ್‌ಪೋಷರ್‌ನ ಚಿತ್ರ ಕದಡುತ್ತದೆ, ಆದ್ದರಿಂದ ಆ ಸೇತುವೆಗಳ ಮೇಲೆ ಟ್ರೈಪಾಡ್ ಇಟ್ಟರೆ ಎರಡು ಟ್ರಾಮ್‌ಗಳ ನಡುವಿನ ಬಿಡುವಿಗೆ ಕಾಯಿರಿ.

ಎತ್ತರದ ನೋಟಗಳಿಗೆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 1891ರಲ್ಲಿ ಪ್ಯಾರಿಸ್‌ನ ಐಫೆಲ್ ಗೋಪುರದ ಮಾದರಿಯಲ್ಲಿ ಕಟ್ಟಿದ ಪೆಟ್ರ್ಷಿನ್ ಗೋಪುರಕ್ಕೆ 299 ಮೆಟ್ಟಿಲುಗಳು. ಅದನ್ನು ನೀವಿಬ್ಬರೂ ಬಿಡಬಹುದು, ಅಷ್ಟು ಮೇಲಿನಿಂದ ಊರು ಚಪ್ಪಟೆಯಾಗಿ ಕಾಣುವುದರಿಂದ ನಷ್ಟವೇನೂ ಇಲ್ಲ. ಅದರ ಬದಲು 22ನೇ ಸಂಖ್ಯೆಯ ಟ್ರಾಮ್‌ನಲ್ಲಿ ಪೊಹೊರ್ಷೆಲೆಟ್ಸ್ ನಿಲ್ದಾಣದಲ್ಲಿ ಇಳಿದು, ಹೆಚ್ಚು ಏರಿಲ್ಲದೆ ಸ್ಟ್ರಾಹೋವ್ ಮಠದ ಅಂಚಿಗೆ ಹೋಗಿ. ಕೆಳಗೆ ಇಳಿಜಾರಿನ ತೋಟ, ಎಡಕ್ಕೆ ಕೋಟೆ, ನಡುವೆ ಮಾಲಾ ಸ್ತ್ರಾನಾದ ಸೇಂಟ್ ನಿಕೊಲಸ್ ಚರ್ಚಿನ ಹಸಿರು ಗುಮ್ಮಟ, ಅದರಾಚೆ ಇಡೀ ಹಳೆಯ ಪಟ್ಟಣ. ಇದು ಪೂರ್ವಕ್ಕೆ ನೋಡುವ ಜಾಗವಾದ್ದರಿಂದ ಸಂಜೆ ನಾಲ್ಕೂವರೆಯಿಂದ ಐದೂವರೆ ಒಳ್ಳೆಯ ಹೊತ್ತು. ಹಳೆಯ ಪಟ್ಟಣದ ಚೌಕದಲ್ಲಿರುವ ಟೌನ್ ಹಾಲ್ ಗೋಪುರಕ್ಕೂ ಲಿಫ್ಟ್ ಇದೆ. ಅಲ್ಲಿಂದ ಟೀನ್ ಚರ್ಚಿನ ಜೋಡಿ ಗೋಪುರಗಳು ಪೂರ್ವಕ್ಕೆ ಕಾಣುತ್ತವೆ, ಅವುಗಳ ಮುಖ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಮೂರರ ನಂತರವೇ ಬೆಳಗುತ್ತವೆ. ಆ ಗೋಪುರದ ಗೋಡೆಯಲ್ಲಿರುವ 1410ರ ಖಗೋಳ ಗಡಿಯಾರವನ್ನು ನೀವು ನೋಡಲೇಬೇಕು, ಆದರೆ ಚಿತ್ರಕ್ಕೆ ಗಡಿಯಾರಕ್ಕಿಂತ ಗಂಟೆ ಹೊಡೆಯುವ ಹೊತ್ತಿಗೆ ಕತ್ತೆತ್ತಿ ನಿಲ್ಲುವ ಜನರ ಮುಖಗಳೇ ಒಳ್ಳೆಯ ವಸ್ತು.

ಲೆಟ್ನಾಗೆ ಬಹುತೇಕರು ನದಿಯ ಕಡೆಯಿಂದ ಮೆಟ್ಟಿಲು ಹತ್ತಿ ಬರುತ್ತಾರೆ. ನೀವು ಅದೇ 22ನೇ ಟ್ರಾಮ್‌ನಲ್ಲಿ ಕ್ರಾಲೋವ್ಸ್ಕಿ ಲೆತೊಹ್ರಾದೆಕ್ ನಿಲ್ದಾಣದಲ್ಲಿ ಇಳಿದು, ಖೊಟೆಕ್ ಉದ್ಯಾನವನ್ನು ಹಾದು ಕಾಲುಸೇತುವೆಯ ಮೂಲಕ ಲೆಟ್ನಾ ಉದ್ಯಾನ ಸೇರಬಹುದು. ಹಾನಾವ್ಸ್ಕಿ ಪೆವಿಲಿಯನ್ ಎಂಬ, 1891ರ ಪ್ರದರ್ಶನಕ್ಕಾಗಿ ಎರಕದ ಕಬ್ಬಿಣದಿಂದ ಮಾಡಿದ ಕಟ್ಟಡದ ಬಳಿ ನಿಂತರೆ ಮಾನೆಸ್, ಚಾರ್ಲ್ಸ್, ಲೆಗೀ, ಇರಾಸೆಕ್ ಸೇತುವೆಗಳು ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ನಿಮ್ಮ 105 ಮಿ.ಮೀ. ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಪೋಸ್ಟ್‌ಕಾರ್ಡುಗಳೆಲ್ಲ ಇದನ್ನು ಸಂಜೆ ದೀಪಗಳೊಂದಿಗೆ ತೋರಿಸುತ್ತವೆ, ಅದು ಚೆನ್ನಾಗಿಯೂ ಇರುತ್ತದೆ. ಆದರೆ ಬಿಸಿಲಿರುವ ಒಂದು ದಿನ ನಡುಹಗಲಿಗೂ ಅಲ್ಲಿಗೆ ಹೋಗಿ ನೋಡಿ. ಸೂರ್ಯ ತಗ್ಗಿನಲ್ಲಿ, ನಿಮ್ಮ ಎದುರಿಗೇ ಇರುವುದರಿಂದ ನದಿ ಬೆಳ್ಳಿಯ ಹಾಳೆಯಾಗಿ, ಸೇತುವೆಗಳು ಅದರ ಮೇಲೆ ಎಳೆದ ಕಪ್ಪು ಗೆರೆಗಳಾಗಿ ಕಾಣುತ್ತವೆ. ಇದನ್ನು ಕಪ್ಪು–ಬಿಳುಪಿನಲ್ಲಿ ತೆಗೆಯಿರಿ.

ಒಂದೇ ಊರನ್ನು ಹೀಗೆ ಮತ್ತೆ ಮತ್ತೆ ನೋಡಿದವರಲ್ಲಿ ಯೊಸೆಫ್ ಸುಡೆಕ್ ದೊಡ್ಡವರು. 1896ರಲ್ಲಿ ಹುಟ್ಟಿ 1976ರಲ್ಲಿ ತೀರಿಕೊಂಡ ಈ ಜೆಕ್ ಛಾಯಾಗ್ರಾಹಕ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಆಮೇಲೆ ಒಂದೇ ಕೈಯಿಂದ ಭಾರವಾದ ದೊಡ್ಡ ಕ್ಯಾಮೆರಾಗಳನ್ನು ಹೊತ್ತು ಪ್ರಾಗ್‌ನ ಉದ್ಯಾನಗಳನ್ನೂ ನದಿದಂಡೆಗಳನ್ನೂ ದಶಕಗಳ ಕಾಲ ಚಿತ್ರಿಸಿದರು. ತಮ್ಮ ಸ್ಟುಡಿಯೋದ ಕಿಟಕಿಯ ಗಾಜಿನ ಮೇಲೆ ಕೂತ ಹನಿಗಳನ್ನೂ, ಅದರಾಚೆಯ ಡೊಂಕು ಮರವನ್ನೂ ಅವರು ವರ್ಷಗಟ್ಟಲೆ ತೆಗೆದರು. ಆ ಸ್ಟುಡಿಯೋವನ್ನು ಉಯೆಜ್ಡ್ ಬೀದಿಯ ಒಂದು ಹಿತ್ತಲಲ್ಲಿ ಮರಳಿ ಕಟ್ಟಿ ಪುಟ್ಟ ಪ್ರದರ್ಶನಾಲಯ ಮಾಡಿದ್ದಾರೆ, ಪೆಟ್ರ್ಷಿನ್‌ನ ಬುಡದಲ್ಲೇ ಇದೆ. ಹೋಗುವ ಮೊದಲು ಸುಡೆಕ್ ಅವರ ಉದ್ದನೆಯ ಪನೋರಮಾ ಚಿತ್ರಗಳನ್ನು ಗಮನವಿಟ್ಟು ನೋಡಿ: ಮುನ್ನೆಲೆಯಲ್ಲಿ ಕೊಂಬೆ, ಕಲ್ಲಿನ ಕಟಕಟೆ, ಕೆಸರಿನ ದಾರಿ ಇವೇ ಇರುತ್ತವೆ, ಪ್ರಸಿದ್ಧ ಗೋಪುರಗಳು ದೂರದಲ್ಲಿ ಸಣ್ಣದಾಗಿ ಉಳಿಯುತ್ತವೆ. ನಿಮ್ಮ ಚಿತ್ರಗಳು ಬೇರೆಯವರದರಂತೆ ಆಗಬಾರದೆಂದರೆ ಕಲಿಯಬೇಕಾದ ಪಾಠ ಅಲ್ಲಿದೆ.

ಕತ್ತಲಾದ ಮೇಲೆ ಕೋಟೆಯ ಹಿಂಬದಿಯ ನೋವಿ ಸ್ವೆಟ್ ಎಂಬ ಕಿರುಬೀದಿಗೆ ಹೋಗಿ. ಗಿಡ್ಡ ಮನೆಗಳು, ಕಲ್ಲು ಹಾಸಿದ ತಿರುವು ದಾರಿ, ಹಳೆಯ ಮಾದರಿಯ ದೀಪಗಳು. ಕೋಟೆಯ ಮುಂಭಾಗದ ಜನಸಂದಣಿ ಇಲ್ಲಿಗೆ ಬರುವುದಿಲ್ಲ. ಹಳೆಯ ಪಟ್ಟಣದ ಕೆಲವು ಬೀದಿಗಳಲ್ಲಿ, ಚಾರ್ಲ್ಸ್ ಸೇತುವೆಯ ಮೇಲೆ ಅನಿಲದ ದೀಪಗಳನ್ನು ಮತ್ತೆ ತಂದಿದ್ದಾರೆ, ಅವುಗಳ ಬೆಳಕು ಬೆಚ್ಚಗಿನ ಹಳದಿ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವ್ಯವಸ್ಥೆಯನ್ನು) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಹಳದಿಯನ್ನು ತೊಳೆದುಬಿಡಬಹುದು, 3500 ಕೆಲ್ವಿನ್ ಆಸುಪಾಸಿನಲ್ಲಿ ನೀವೇ ಹೊಂದಿಸಿಕೊಳ್ಳಿ. 50 ಮಿ.ಮೀ. ಲೆನ್ಸನ್ನು ಎಫ್1.8ಕ್ಕೆ ತೆರೆದು ಐಎಸ್‌ಒ 3200 ಇಟ್ಟರೆ ಸೆಕೆಂಡಿನ 60ನೇ ಒಂದು ಭಾಗದ ಷಟರ್ ವೇಗ ಸಿಗುತ್ತದೆ, ಟ್ರೈಪಾಡ್ ಬೇಕಿಲ್ಲ. ಮಳೆ ಬಂದು ನಿಂತ ರಾತ್ರಿಯಾದರೆ ಇನ್ನೂ ಒಳ್ಳೆಯದು: ಹಾಸುಗಲ್ಲುಗಳ ದುಂಡು ತಲೆಗಳು ಒಂದೊಂದೂ ದೀಪವನ್ನು ಹಿಡಿದುಕೊಳ್ಳುತ್ತವೆ, ನಡುವಿನ ಸಂದುಗಳು ಕಪ್ಪಾಗಿ ಉಳಿಯುತ್ತವೆ. ಕುಕ್ಕರುಗಾಲಲ್ಲಿ ಕುಳಿತು, ದೀಪಕ್ಕೆ ಎದುರಾಗಿ ತೆಗೆಯಿರಿ.

ಹಗಲಿಡೀ ಮಳೆ ಹಿಡಿದರೆ ನೆಲದಡಿಗೆ ಇಳಿಯಿರಿ. 1978ರಲ್ಲಿ ತೆರೆದ ಮೆಟ್ರೋದ ಎ ಮಾರ್ಗದ ನಿಲ್ದಾಣಗಳ ಗೋಡೆಗಳಿಗೆ ಉಬ್ಬು–ತಗ್ಗುಗಳಿರುವ ಅಲ್ಯುಮಿನಿಯಂ ಫಲಕಗಳನ್ನು ಹೊದಿಸಿದ್ದಾರೆ, ಒಂದೊಂದು ನಿಲ್ದಾಣಕ್ಕೆ ಒಂದೊಂದು ಬಣ್ಣ. ನಾಮೆಸ್ಟಿ ಮೀರು ನಿಲ್ದಾಣ 53 ಮೀಟರ್ ಆಳದಲ್ಲಿದೆ, ಅದರ ಎಸ್ಕಲೇಟರ್ 87 ಮೀಟರ್ ಉದ್ದ. ಫ್ಲ್ಯಾಶ್, ಟ್ರೈಪಾಡ್ ಬಳಸದೆ, ಪ್ರಯಾಣಿಕರ ದಾರಿಗೆ ಅಡ್ಡ ಬಾರದೆ ತೆಗೆಯಬೇಕು. ಸೇಂಟ್ ವೀಟಸ್ ಚರ್ಚಿನ ಒಳಗೂ ಫ್ಲ್ಯಾಶ್, ಟ್ರೈಪಾಡ್‌ಗಳಿಗೆ ಅವಕಾಶವಿಲ್ಲ. ಅಲ್ಲಿನ ಆಲ್ಫೊನ್ಸ್ ಮುಖಾ ಅವರ ಬಣ್ಣದ ಗಾಜಿನ ಕಿಟಕಿ ಉತ್ತರದ ಗೋಡೆಯಲ್ಲಿದ್ದು ನೇರ ಬಿಸಿಲು ಬೀಳದ ಕಾರಣ ಮೋಡದ ದಿನವೂ ಬಣ್ಣಗಳು ಸಮವಾಗಿ ಬರುತ್ತವೆ. ಕಂಬಗಳ ಮೇಲೆ ಬಣ್ಣದ ಬೆಳಕು ಚೆಲ್ಲುವುದನ್ನು ನೋಡಬೇಕಾದರೆ ಮಾತ್ರ ಬಿಸಿಲಿನ ನಡುಹಗಲಿಗೆ, ದಕ್ಷಿಣದ ಕಿಟಕಿಗಳ ಎದುರು ಹೋಗಬೇಕು. ಕೋಟೆಯ ಅಂಗಳಗಳು ಬೆಳಿಗ್ಗೆ ಆರಕ್ಕೇ ತೆರೆಯುತ್ತವೆ, ಒಳಾಂಗಣಗಳು ಒಂಬತ್ತಕ್ಕೆ. ನಡುವಿನ ಹೊತ್ತಿನಲ್ಲಿ ಅಂಗಳಗಳು ಬಹುತೇಕ ಖಾಲಿಯಾಗಿರುತ್ತವೆ.

ಜನರನ್ನು ಚಿತ್ರಿಸುವಾಗ ಒಂದು ವಿಷಯ ತಿಳಿದಿರಲಿ. ಗುರುತು ಹಿಡಿಯುವಂತೆ ಒಬ್ಬರ ಚಿತ್ರ ತೆಗೆಯಲು ಅವರ ಒಪ್ಪಿಗೆ ಬೇಕೆಂದು 2014ರಿಂದ ಜಾರಿಯಲ್ಲಿರುವ ಜೆಕ್ ನಾಗರಿಕ ಸಂಹಿತೆ ಹೇಳುತ್ತದೆ. ಕಲೆ, ವರದಿಗಾರಿಕೆಗಳಿಗೆ ವಿನಾಯಿತಿಗಳಿವೆ. ಸೇತುವೆಯ ಗುಂಪನ್ನು ತೆಗೆದರೆ ಯಾರೂ ಕೇಳುವುದಿಲ್ಲ, ಆದರೆ ಒಬ್ಬ ಚಿತ್ರಕಾರನನ್ನೋ ಮಗುವನ್ನೋ ಹತ್ತಿರದಿಂದ ತೆಗೆಯುವ ಮೊದಲು ‘ದೊಬ್ರೀ ದೆನ್’ ಎಂದು ನಮಸ್ಕಾರ ಹೇಳಿ, ಕ್ಯಾಮೆರಾ ತೋರಿಸಿ ಅನುಮತಿ ಕೇಳಿ. ಹಾದಿಬದಿಯ ಸಂಗೀತಗಾರರ ಚಿತ್ರ ತೆಗೆದರೆ ಅವರ ಪೆಟ್ಟಿಗೆಗೆ ನಾಣ್ಯ ಹಾಕುವುದು ಮರ್ಯಾದೆ. ಡ್ರೋನ್ ಒಯ್ಯಬೇಡಿ, ಕೋಟೆಯ ಸುತ್ತ ಹಾರಾಟ ನಿಷಿದ್ಧ, ನಗರದ ನಡುವೆ ಅನುಮತಿಯ ಕಟ್ಟಳೆಗಳು ಬಹಳ.

ನಿಮ್ಮ ನಾಲ್ಕು ದಿನಗಳನ್ನು ನಾನಾದರೆ ಹೀಗೆ ಹೊಂದಿಸುತ್ತೇನೆ. ಮೊದಲ ದಿನ ಚಿತ್ರದ ಯೋಚನೆ ಹೆಚ್ಚು ಮಾಡದೆ ಇಬ್ಬರೂ ನದಿಯ ಎರಡೂ ದಂಡೆಗಳಲ್ಲಿ ನಿಧಾನವಾಗಿ ನಡೆದು, ನಕ್ಷೆಯಲ್ಲಿ ಗುರುತಿಟ್ಟ ಜಾಗಗಳು ಕಣ್ಣಿಗೆ ಹೇಗಿವೆ ಎಂದು ಮೊಬೈಲಿನಲ್ಲೇ ಟಿಪ್ಪಣಿಯ ಚಿತ್ರ ತೆಗೆದುಕೊಳ್ಳಿ, ಸಂಜೆ ಸ್ಟ್ರಾಹೋವ್‌ಗೆ ಹೋಗಿ. ಎರಡನೆಯ ದಿನ ನಸುಕಿಗೆ ಚಾರ್ಲ್ಸ್ ಸೇತುವೆ, ಹಗಲು ಕೋಟೆ, ಸಂಜೆ ಸ್ತ್ರೆಲೆಟ್ಸ್ಕಿ ದ್ವೀಪ. ಮೂರನೆಯ ದಿನ ಬೆಳಿಗ್ಗೆ ನೊವೊತ್ನೆಹೊ ಲಾವ್ಕಾ, ನಡುಹಗಲು ಲೆಟ್ನಾ, ರಾತ್ರಿ ನೋವಿ ಸ್ವೆಟ್. ನಾಲ್ಕನೆಯದನ್ನು ಖಾಲಿ ಬಿಟ್ಟಿರಿ; ಮೂರು ದಿನಗಳಲ್ಲಿ ಯಾವ ಜಾಗದಲ್ಲಿ ಬೆಳಕು ಕೈಕೊಟ್ಟಿತೋ ಅಥವಾ ಯಾವುದು ಇನ್ನೊಮ್ಮೆ ಕರೆಯುತ್ತಿದೆಯೋ ಅಲ್ಲಿಗೆ ಮರಳಿ ಹೋಗಲು ಅದು ಬೇಕು. ಮಳೆಯ ಮುನ್ಸೂಚನೆ ಬಂದರೆ ಈ ಕ್ರಮವನ್ನು ಹಿಂದುಮುಂದು ಮಾಡಿಕೊಳ್ಳಿ, ಮೋಡವಿಲ್ಲದ ರಾತ್ರಿಯ ಮರುದಿನದ ಬೆಳಗನ್ನು ಮಾತ್ರ ಸೇತುವೆಯಿಂದ ಬೇರೆ ಕಡೆಗೆ ಕೊಡಬೇಡಿ. ಬೆಳಗಿನ ತಾಪಮಾನ ಐದಾರು ಡಿಗ್ರಿಗೆ ಇಳಿಯುವುದರಿಂದ ಬೆರಳ ತುದಿ ತೆರೆದಿರುವ ಕೈಗವಸು ಬೇಕಾಗುತ್ತದೆ. ಚಳಿಯಿಂದ ಬೆಚ್ಚಗಿನ ಟ್ರಾಮ್‌ಗೋ ಹೋಟೆಲಿಗೋ ಹೋಗುವಾಗ ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದು, ಒಳಗೆ ಹೋಗಿ ಅರ್ಧ ಗಂಟೆ ಕಳೆದ ಮೇಲೆಯೇ ತೆರೆದರೆ ಲೆನ್ಸಿನ ಮೇಲೆ ನೀರಹನಿ ಕೂರುವುದಿಲ್ಲ.